ಮೊದಲ ಸ್ಕ್ರಿಪ್ಟ್ ಕಲಿಸುವ ದಿನವೇ ಹೇಳಬೇಕಾದ ಮಾತು

ವೆಬ್ ಪುಟ ಮಾಡಲು ಕಲಿಯುವವರಿಗೆ ಮೊದಲ ವಾರದಲ್ಲೇ ಒಂದು ಸುಲಭದ ದಾರಿ ತೋರಿಸಿಕೊಡುತ್ತೇವೆ. ಪುಟದಲ್ಲಿ ಚಿತ್ರಗಳು ಒಂದಾದ ಮೇಲೊಂದು ಸರಿಯಬೇಕೆ? ದಿನಾಂಕ ಆರಿಸಲು ಕ್ಯಾಲೆಂಡರ್ ಬೇಕೆ? ಎಷ್ಟು ಜನ ಬಂದು ಹೋದರೆಂಬ ಲೆಕ್ಕ ಬೇಕೆ? ಅದಕ್ಕೆಲ್ಲ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಇದೆ. ಅದರ ವಿಳಾಸವನ್ನು ಒಂದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಹಾಕಿದರೆ ಕೆಲಸ ಮುಗಿಯಿತು. ಲ್ಯಾಬ್ ಮ್ಯಾನ್ಯುಯಲ್, ಯೂಟ್ಯೂಬ್ ಪಾಠ, ಎಐ ಚಾಟ್‌ಬಾಟ್ ಎಲ್ಲವೂ ಸಾಮಾನ್ಯವಾಗಿ ಹೇಳಿಕೊಡುವುದು ಇದನ್ನೇ. ಆ ಒಂದು ಸಾಲು ಸೇರಿಸಿದ ಮೇಲೆ ನಿಮ್ಮ ಪುಟದ ಮೇಲೆ ಯಾರಿಗೆ ಹಿಡಿತ ಸಿಕ್ಕಿತು ಎಂಬುದನ್ನು ಮಾತ್ರ ಬಹಳ ಕಡೆ ಅಂದು ಹೇಳುವುದಿಲ್ಲ. ಅದನ್ನು ಅಂದೇ ಹೇಳಬೇಕು. ಹೇಳದೆ ಬಿಟ್ಟರೆ ಎಂಥ ತೊಂದರೆ ಕಾದಿದೆ ಎಂಬುದಕ್ಕೆ ಮುನ್ಸೂಚನೆಗಳು ಈಗಾಗಲೇ ಸಿಕ್ಕಿವೆ.

ಹೊರಗಿನಿಂದ ತಂದ ಸ್ಕ್ರಿಪ್ಟ್‌ಗೂ ನೀವೇ ಬರೆದ ಸ್ಕ್ರಿಪ್ಟ್‌ಗೂ ಬ್ರೌಸರ್ ಭೇದ ಎಣಿಸುವುದಿಲ್ಲ. ಯಾವ ಪುಟದಲ್ಲಿ ಸೇರಿಸಿದ್ದೀರೋ ಆ ಪುಟದ ಪೂರ್ತಿ ಅಧಿಕಾರ ಅದಕ್ಕೆ ಸಿಗುತ್ತದೆ. ಫಾರ್ಮ್‌ನಲ್ಲಿ ಜನ ಟೈಪ್ ಮಾಡುವ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಎಲ್ಲವನ್ನೂ ಅದು ಓದಬಲ್ಲದು. ಪುಟದ ಬರಹವನ್ನು ತಿದ್ದಬಲ್ಲದು. ಬಂದವರನ್ನು ಇನ್ನೊಂದು ಸೈಟಿಗೆ ಸಾಗಹಾಕಬಲ್ಲದು. ಇನ್ನೂ ಮುಖ್ಯವಾದ ಮಾತೆಂದರೆ, ನೀವು ಪುಟದಲ್ಲಿ ಸೇರಿಸಿದ್ದು ಕೋಡನ್ನಲ್ಲ, ಕೋಡ್ ಇರುವ ವಿಳಾಸವನ್ನು. ಇಂದು ಆ ವಿಳಾಸದಲ್ಲಿ ಇರುವುದೇ ನಾಳೆಯೂ ಇರಬೇಕೆಂದೇನೂ ಇಲ್ಲ. ಅಲ್ಲಿ ಏನಿರಬೇಕು ಎಂಬುದನ್ನು ತೀರ್ಮಾನಿಸುವವರು ಆ ವಿಳಾಸದ ಒಡೆಯರು, ನೀವಲ್ಲ. ಗುರುತಿನವರ ಹತ್ತಿರ ಮನೆಯ ಬೀಗದ ಕೈ ಕೊಡುವುದೇ ಬೇರೆ, ಆ ಕೈಯನ್ನು ಅವರು ಯಾರಿಗೆ ಮಾರಿಕೊಂಡರೂ ಸರಿ ಎಂದು ಒಪ್ಪಿ ಕೊಡುವುದೇ ಬೇರೆ.

ಹಾಗೆ ಮಾರಾಟವಾದ ವಿಳಾಸವೊಂದರ ಕತೆ 2024ರಲ್ಲಿ ಇಡೀ ಜಗತ್ತಿಗೆ ಗೊತ್ತಾಯಿತು. ಹಳೆಯ ಬ್ರೌಸರ್‌ಗಳಲ್ಲಿ ಇಲ್ಲದ ಸೌಲಭ್ಯಗಳನ್ನು ತುಂಬಿಕೊಡುವ ಪಾಲಿಫಿಲ್ ಡಾಟ್ ಐಒ ಎಂಬ ಸೇವೆ ಇತ್ತು. ಉಚಿತ, ಉಪಯುಕ್ತ, ಒಂದೇ ಸಾಲಿನಲ್ಲಿ ಸೇರಿಸಬಹುದಾದದ್ದು. ವರ್ಷಗಟ್ಟಲೆ ಪಾಠಗಳಲ್ಲೂ ಉದಾಹರಣೆಗಳಲ್ಲೂ ಅದನ್ನು ಶಿಫಾರಸು ಮಾಡಲಾಗಿತ್ತು. 2024ರ ಫೆಬ್ರವರಿಯಲ್ಲಿ ಆ ಡೊಮೇನ್ ಫನ್ನಲ್ ಎಂಬ ಕಂಪನಿಯ ಪಾಲಾಯಿತು. ಪಾಲಿಫಿಲ್ ಸೇವೆಯನ್ನು ಮೊದಲು ಕಟ್ಟಿದ ಆ್ಯಂಡ್ರೂ ಬೆಟ್ಸ್ ಅದೇ ತಿಂಗಳು ಬಹಿರಂಗವಾಗಿ ಎಚ್ಚರಿಸಿದರು: ಡೊಮೇನ್ ಎಂದೂ ತಮ್ಮದಾಗಿರಲಿಲ್ಲ, ಈ ಸ್ಕ್ರಿಪ್ಟನ್ನು ಕೂಡಲೇ ತೆಗೆದುಹಾಕಿ, ಇಂದಿನ ಬ್ರೌಸರ್‌ಗಳಿಗೆ ಅದು ಬೇಕಾಗಿಯೂ ಇಲ್ಲ. ಆ ಮಾತಿಗೆ ಕಿವಿಗೊಟ್ಟವರು ಕಡಿಮೆ. ಜೂನ್ 25ರಂದು ಸ್ಯಾನ್‌ಸೆಕ್ ಎಂಬ ಸುರಕ್ಷತಾ ಸಂಸ್ಥೆ ಆ ವಿಳಾಸದಿಂದ ದುರುದ್ದೇಶದ ಕೋಡ್ ಹರಿದುಬರುತ್ತಿದೆ ಎಂದು ಪ್ರಕಟಿಸುವ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳು ಅದನ್ನು ಸೇರಿಸಿಕೊಂಡಿದ್ದವು.

ಆ ಕೋಡ್ ನಡೆದುಕೊಂಡ ರೀತಿಯನ್ನು ಹತ್ತಿರದಿಂದ ನೋಡಬೇಕು. ಕೆಲವು ಬಗೆಯ ಮೊಬೈಲ್‌ಗಳಲ್ಲಿ, ಅದೂ ದಿನದ ಕೆಲವು ಹೊತ್ತಿನಲ್ಲಿ ಮಾತ್ರ ಅದು ಕೆಲಸ ಮಾಡುತ್ತಿತ್ತು. ಸೈಟಿನ ಅಡ್ಮಿನ್ ನೋಡುತ್ತಿದ್ದಾರೆಂದು ತಿಳಿದರೆ ಸುಮ್ಮನಿರುತ್ತಿತ್ತು. ಭೇಟಿಗಳ ಲೆಕ್ಕ ಇಡುವ ಸೇವೆ ಪುಟದಲ್ಲಿದ್ದರೆ ತಡೆದು ನಿಂತು ಆಮೇಲೆ ಚಾಲೂ ಆಗುತ್ತಿತ್ತು. ಸಿಕ್ಕಿಬಿದ್ದ ಬಳಕೆದಾರರನ್ನು ಗೂಗಲ್ ಅನಾಲಿಟಿಕ್ಸ್‌ನ ಹೆಸರನ್ನೇ ಹೋಲುವ, ‘ಎಲ್’ ಅಕ್ಷರ ಇರಬೇಕಾದಲ್ಲಿ ‘ಐ’ ಇಟ್ಟ ನಕಲಿ ವಿಳಾಸದ ಮೂಲಕ ಬೆಟ್ಟಿಂಗ್ ಸೈಟಿಗೆ ತಳ್ಳುತ್ತಿತ್ತು. ಸೈಟಿನ ಒಡೆಯ ತನ್ನ ಕಂಪ್ಯೂಟರಿನಲ್ಲಿ ಎಷ್ಟು ಸಲ ತೆರೆದು ನೋಡಿದರೂ ಎಲ್ಲವೂ ಸರಿಯಾಗಿಯೇ ಕಾಣುವಂತೆ ಮಾಡಿದ ಏರ್ಪಾಡು ಇದು. ‘ನಾನು ಪರೀಕ್ಷಿಸಿ ನೋಡಿದ್ದೇನೆ, ತೊಂದರೆ ಇಲ್ಲ’ ಎಂಬ ಭರವಸೆ ಇಂಥ ಕಡೆ ನಿಲ್ಲುವುದಿಲ್ಲ.

ಸುದ್ದಿ ಹೊರಬಿದ್ದ ಎರಡೇ ದಿನದಲ್ಲಿ ಡೊಮೇನ್ ನೋಂದಣಿ ಸಂಸ್ಥೆ ನೇಮ್‌ಚೀಪ್ ಆ ಡೊಮೇನನ್ನು ತಡೆಹಿಡಿಯಿತು. ಕ್ಲೌಡ್‌ಫ್ಲೇರ್ ತನ್ನ ಮೂಲಕ ಹಾದುಹೋಗುವ ಪುಟಗಳಲ್ಲಿ ಆ ವಿಳಾಸವನ್ನು ಸುರಕ್ಷಿತ ಪ್ರತಿಯೊಂದಕ್ಕೆ ತಿರುಗಿಸಿತು. ಇಷ್ಟಾದ ಮೇಲೂ ಜುಲೈ ಆರಂಭದಲ್ಲಿ ಸೆನ್ಸಿಸ್ ಸಂಸ್ಥೆ ಹುಡುಕಿದಾಗ 3,80,000ಕ್ಕಿಂತ ಹೆಚ್ಚು ಹೋಸ್ಟ್‌ಗಳ ಪುಟಗಳಲ್ಲಿ ಆ ಸಾಲು ಹಾಗೇ ಉಳಿದಿತ್ತು. ಈ ಸಂಖ್ಯೆಯೇ ನಮ್ಮ ಆತಂಕದ ಮೂಲ. ಸ್ಕ್ರಿಪ್ಟ್ ಸೇರಿಸುವುದು ಒಂದು ನಿಮಿಷದ ಕೆಲಸ. ಸೇರಿಸಿದ್ದನ್ನು ನೆನಪಿಟ್ಟುಕೊಂಡು, ಅದರ ಸುದ್ದಿ ಕೇಳುತ್ತಾ, ಬೇಕಾದಾಗ ಕಿತ್ತುಹಾಕುವ ಕೆಲಸ ಯಾರದ್ದೂ ಅಲ್ಲ ಎಂಬಂತಾಗಿದೆ.

ಒಳ್ಳೆಯ ಉದ್ದೇಶದಿಂದ ಸೇರಿಸಿದ ಸ್ಕ್ರಿಪ್ಟೂ ಕೈಕೊಡಬಹುದು. ಕಣ್ಣು ಕಾಣದವರಿಗೆ, ಓದಲು ಕಷ್ಟಪಡುವವರಿಗೆ ಪುಟವನ್ನು ಓದಿ ಹೇಳುವ ಬ್ರೌಸ್‌ಅಲೌಡ್ ಎಂಬ ಸೇವೆಯನ್ನು ಬ್ರಿಟನ್ನಿನ ಅನೇಕ ಸರ್ಕಾರಿ ಸೈಟುಗಳು ಬಳಸುತ್ತಿದ್ದವು. 2018ರ ಫೆಬ್ರವರಿಯಲ್ಲಿ ಅದರ ಸ್ಕ್ರಿಪ್ಟ್ ಫೈಲಿಗೆ ಯಾರೋ ಕಾಯಿನ್‌ಹೈವ್ ಎಂಬ ಕೋಡ್ ಸೇರಿಸಿಬಿಟ್ಟರು. 4,000ಕ್ಕೂ ಹೆಚ್ಚು ಸೈಟುಗಳಿಗೆ ಬಂದವರ ಕಂಪ್ಯೂಟರುಗಳು ಅವರಿಗೆ ಗೊತ್ತಿಲ್ಲದೆಯೇ ಯಾರಿಗೋ ಕ್ರಿಪ್ಟೊ ನಾಣ್ಯ ಗಳಿಸಿಕೊಡಲು ದುಡಿದವು. ನಾಗರಿಕರ ಖಾಸಗಿ ಮಾಹಿತಿ ಕಾಯಬೇಕಾದ ಮಾಹಿತಿ ಆಯುಕ್ತರ ಕಚೇರಿಯ ಸೈಟೂ ಅವುಗಳಲ್ಲಿ ಒಂದಾಗಿತ್ತು. ಇದನ್ನು ಪತ್ತೆಹಚ್ಚಿದ ಸ್ಕಾಟ್ ಹೆಲ್ಮ್ ತೋರಿಸಿಕೊಟ್ಟಂತೆ, ಸ್ಕ್ರಿಪ್ಟ್ ಟ್ಯಾಗ್‌ಗೆ ಇನ್ನೊಂದು ಚಿಕ್ಕ ಗುಣಲಕ್ಷಣ (ಆ್ಯಟ್ರಿಬ್ಯೂಟ್) ಸೇರಿಸಿದ್ದರೆ ಸಾಕಿತ್ತು, ಬದಲಾದ ಫೈಲನ್ನು ಬ್ರೌಸರೇ ತಿರಸ್ಕರಿಸುತ್ತಿತ್ತು. ಅದು ಯಾವುದು ಎಂಬುದನ್ನು ಮುಂದೆ ಹೇಳುತ್ತೇವೆ.

ಅದೇ ವರ್ಷ ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ ಬ್ರಿಟಿಷ್ ಏರ್‌ವೇಸ್ ಸೈಟಿನಲ್ಲಿ ಟಿಕೆಟ್ ಕೊಂಡವರ ಕಾರ್ಡ್ ವಿವರಗಳು ಕಳವಾದವು. ರಿಸ್ಕ್‌ಐಕ್ಯೂ ಸಂಸ್ಥೆಯ ತಜ್ಞರು ಹುಡುಕಿದಾಗ ಸಿಕ್ಕಿದ್ದು 22 ಸಾಲುಗಳು. ಬ್ರೌಸರ್‌ನ ಸಾಮರ್ಥ್ಯ ತಿಳಿಯಲು ಎಲ್ಲರೂ ಬಳಸುವ ಮಾಡರ್ನೈಜರ್ ಎಂಬ ಲೈಬ್ರರಿಯ ಹಳೆಯ ಫೈಲಿನ ಕೊನೆಗೆ ಅವನ್ನು ಅಂಟಿಸಲಾಗಿತ್ತು. ಹಣ ಪಾವತಿಯ ಬಟನ್ ಮೇಲಿಂದ ಮೌಸ್ ಅಥವಾ ಬೆರಳು ಎತ್ತಿದ ಅರ್ಧ ಸೆಕೆಂಡಿಗೆ, ಫಾರ್ಮ್‌ನಲ್ಲಿ ತುಂಬಿದ್ದೆಲ್ಲವನ್ನೂ ಒಟ್ಟುಮಾಡಿ, ಕಂಪನಿಯ ಹೆಸರನ್ನೇ ಹೋಲುವ ಇನ್ನೊಂದು ವಿಳಾಸಕ್ಕೆ ಕಳಿಸುವುದಷ್ಟೇ ಅವುಗಳ ಕೆಲಸ. ಗ್ರಾಹಕನ ಟಿಕೆಟ್ ಸರಿಯಾಗಿಯೇ ಬುಕ್ ಆಗುತ್ತಿತ್ತು, ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಆ ದಾಳಿಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅಪಾಯಕ್ಕೆ ಸಿಲುಕಿತೆಂದು 2020ರ ಅಕ್ಟೋಬರ್‌ನಲ್ಲಿ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 2 ಕೋಟಿ ಪೌಂಡ್ ದಂಡ ವಿಧಿಸಿತು. ಈ 22 ಸಾಲುಗಳಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಬಟನ್ ಒತ್ತಿದಾಗ ಏನಾಗಬೇಕು, ಫಾರ್ಮ್‌ನಲ್ಲಿ ಇರುವುದನ್ನು ಓದುವುದು ಹೇಗೆ ಎಂಬುದು ಜಾವಾಸ್ಕ್ರಿಪ್ಟ್ ಕಲಿಯುವವರು ಮೊದಲ ತಿಂಗಳಲ್ಲೇ ಕಲಿಯುವ ಪಾಠ.

ಹೊರಗಿನದ್ದೇನೂ ಬೇಡ, ತಾನೇ ಬರೆಯುತ್ತೇನೆ ಎನ್ನುವ ಹೊಸಬರಿಗೂ ಒಂದು ಮಾತು ಮೊದಲೇ ತಿಳಿದಿರಬೇಕು. ಎಲ್ಲ ಪಾಠಗಳಲ್ಲೂ ಬರುವ ಒಂದು ಅಭ್ಯಾಸ ನೋಡಿ: ಬಂದವರು ಹೆಸರು ಟೈಪ್ ಮಾಡುತ್ತಾರೆ, ಕೆಳಗೆ ‘ನಮಸ್ಕಾರ’ ಎಂದು ಅವರ ಹೆಸರಿನೊಂದಿಗೆ ಮೂಡುತ್ತದೆ. ಅದನ್ನು ಇನ್ನರ್‌ಎಚ್‌ಟಿಎಂಎಲ್ ಬಳಸಿ ಬರೆಯಲು ಕಲಿಸುವ ಪಾಠಗಳು ಬೇಕಾದಷ್ಟಿವೆ. ಹಾಗೆ ಬರೆದರೆ ಟೈಪ್ ಮಾಡಿದ್ದನ್ನು ಬ್ರೌಸರ್ ಬರೀ ಹೆಸರೆಂದು ತಿಳಿಯುವುದಿಲ್ಲ, ಪುಟದ ಕೋಡಿನ ಭಾಗವೆಂದು ತಿಳಿಯುತ್ತದೆ. ಹೆಸರಿನ ಜಾಗದಲ್ಲಿ ಇಲ್ಲದ ಚಿತ್ರವೊಂದರ ಟ್ಯಾಗ್ ಬರೆದು, ಚಿತ್ರ ಸಿಗದಿದ್ದಾಗ ನಡೆಯಬೇಕಾದ ಕೆಲಸವೆಂದು ತನ್ನ ಕೋಡ್ ತುರುಕಿದರೆ ಅದು ನಡೆದುಹೋಗುತ್ತದೆ. ತನ್ನ ಪರದೆಯಲ್ಲಿ ಮಾತ್ರ ಆದರೆ ಅಪಾಯವಿಲ್ಲ. ಅದೇ ಹೆಸರು ಅತಿಥಿ ಪುಸ್ತಕದಲ್ಲೋ ಅಭಿಪ್ರಾಯದ ಪಟ್ಟಿಯಲ್ಲೋ ಉಳಿದು ಬೇರೆಯವರ ಪರದೆಯಲ್ಲೂ ಮೂಡಿದರೆ, ಒಬ್ಬ ಬರೆದ ಕೋಡ್ ಎಲ್ಲರ ಬ್ರೌಸರಿನಲ್ಲೂ ಓಡುತ್ತದೆ. 2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬಳಕೆದಾರನೊಬ್ಬ ತನ್ನ ಪ್ರೊಫೈಲಿನಲ್ಲಿ ಇಟ್ಟ ಇಂಥದ್ದೇ ಕೋಡ್ ಸುಮಾರು 20 ಗಂಟೆಗಳಲ್ಲಿ 10 ಲಕ್ಷ ಖಾತೆಗಳಿಗೆ ಹರಡಿತ್ತು. ಇನ್ನರ್‌ಎಚ್‌ಟಿಎಂಎಲ್ ಬದಲು ಟೆಕ್ಸ್ಟ್‌ಕಂಟೆಂಟ್ ಎಂದು ಬರೆದರೆ ಟೈಪ್ ಮಾಡಿದ್ದು ಬರೀ ಅಕ್ಷರಗಳಾಗಿಯೇ ಕಾಣುತ್ತದೆ. ಕಲಿಯುವವನಿಗೆ ಎರಡೂ ಅಷ್ಟೇ ಸುಲಭ. ಯಾವುದನ್ನು ಮೊದಲು ಕಲಿಸಿದೆವೋ ಅದು ಕೈಗೆ ರೂಢಿಯಾಗುತ್ತದೆ.

ಈ ಎಚ್ಚರಿಕೆಯನ್ನು ಈಗ ಹೇಳಲು ಕಾರಣಗಳಿವೆ. ವೆಬ್ ಪುಟ ಮಾಡುವವರ ಸಂಖ್ಯೆ ಬೆಳೆಯುತ್ತಿದೆ, ಕೋಡ್ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಅಷ್ಟೇ ಬೆಳೆಯುತ್ತಿಲ್ಲ. ಎಐಗೆ ಕನ್ನಡದಲ್ಲೇ ಕೇಳಿದರೂ ಪೂರ್ತಿ ಪುಟ ಬರೆದುಕೊಡುತ್ತದೆ. ಹಾಗೆ ಬಂದ ಪುಟದಲ್ಲಿ ಹೊರಗಿನ ಸ್ಕ್ರಿಪ್ಟ್‌ಗಳ ವಿಳಾಸ ಇರುವುದು ಸಾಮಾನ್ಯ. ಆ ಮಾದರಿಗಳು ಹಳೆಯ ಬರಹಗಳಿಂದ ಕಲಿತಿರುವುದರಿಂದ ದೋಷ ತಿದ್ದದ ಹಳೆಯ ಆವೃತ್ತಿಗಳನ್ನೂ ಸೂಚಿಸಬಲ್ಲವು. ಕೆಲವೊಮ್ಮೆ ಇಲ್ಲವೇ ಇಲ್ಲದ ಲೈಬ್ರರಿಯ ಹೆಸರನ್ನು ಹೇಳುತ್ತವೆ. ಅಂಥ ಹೆಸರನ್ನು ಮೊದಲೇ ನೋಂದಾಯಿಸಿ ಅದರಲ್ಲಿ ಕೆಟ್ಟ ಕೋಡ್ ತುಂಬಿಟ್ಟರೆ ಸಾಕು, ಎಐ ಹೇಳಿತೆಂದು ನಂಬಿ ಬಂದವರು ತಾವಾಗಿಯೇ ಅದನ್ನು ಸೇರಿಸಿಕೊಳ್ಳುತ್ತಾರೆ. ಈ ಅಪಾಯದ ಬಗ್ಗೆ ಸುರಕ್ಷತಾ ಸಂಶೋಧಕರು ಈಗಾಗಲೇ ಬರೆಯುತ್ತಿದ್ದಾರೆ.

ಬ್ರೌಸರ್ ತಯಾರಕರಿಗೂ ಕಾಪಿ-ಪೇಸ್ಟಿನ ಅಪಾಯ ಗೊತ್ತು. ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಕನ್ಸೋಲ್ ತೆರೆದು ಮೊದಲ ಸಲ ಕೋಡ್ ಅಂಟಿಸಲು ಹೋದರೆ ತಡೆಯುತ್ತವೆ. ಅರ್ಥವಾಗದ ಕೋಡ್ ಅಂಟಿಸಬೇಡಿ ಎಂದು ಎಚ್ಚರಿಸಿ, ಅನುಮತಿಯ ಮಾತನ್ನು ಕೈಯಾರೆ ಟೈಪ್ ಮಾಡಿದ ಮೇಲಷ್ಟೇ ಒಪ್ಪುತ್ತವೆ. ಅಲ್ಲಿ ಅಂಟಿಸಿದ ಕೋಡಿನಿಂದ ಹಾನಿಯಾಗುವುದು ಅಂಟಿಸಿದ ಒಬ್ಬನಿಗೆ ಮಾತ್ರ. ಅದೇ ಸಾಲನ್ನು ತನ್ನ ಪುಟದ ಫೈಲಿನಲ್ಲಿ ಅಂಟಿಸಿದರೆ ಪುಟಕ್ಕೆ ಬರುವ ಎಲ್ಲರಿಗೂ ಹಾನಿ. ಆದರೆ ಅಲ್ಲಿ ತಡೆದು ಕೇಳುವವರು ಯಾರೂ ಇಲ್ಲ. ಆ ಕೆಲಸ ಕಲಿಸುವವರದ್ದೇ.

ಹೊಸಬರು ಮಾಡಿದ ಪುಟ ಅಭ್ಯಾಸಕ್ಕಷ್ಟೇ ಉಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು. ಬಿಸಿಎ ಓದುವ ಹುಡುಗಿ ಚಿಕ್ಕಪ್ಪನ ಹೋಂಸ್ಟೇಗೆ ಸೈಟ್ ಮಾಡಿಕೊಡುತ್ತಾಳೆ. ಡಿಪ್ಲೊಮಾ ಮುಗಿಸಿದ ಹುಡುಗ ಊರಿನ ದೇವಸ್ಥಾನದ ಸೇವೆಗೆ, ಸಹಕಾರ ಸಂಘಕ್ಕೆ, ತಾನು ಓದಿದ ಶಾಲೆಯ ಪ್ರವೇಶ ಅರ್ಜಿಗೆ ಪುಟ ಮಾಡಿಕೊಡುತ್ತಾನೆ. ಆ ಫಾರ್ಮ್‌ಗಳಲ್ಲಿ ಫೋನ್ ನಂಬರ್, ವಿಳಾಸ, ಮಕ್ಕಳ ಹುಟ್ಟಿದ ದಿನ, ಎಷ್ಟೋ ಕಡೆ ಆಧಾರ್ ನಂಬರ್ ಕೂಡ ತುಂಬಿಸಿಕೊಳ್ಳುತ್ತಾರೆ. ಪುಟ ಮಾಡಿಕೊಟ್ಟವರು ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ. ಪುಟ ಮಾತ್ರ ವರ್ಷಗಟ್ಟಲೆ ಹಾಗೇ ನಡೆಯುತ್ತಿರುತ್ತದೆ, ಅದರೊಳಗಿನ ಹೊರಗಿನ ವಿಳಾಸಗಳೂ ಹಾಗೇ ಇರುತ್ತವೆ. ಅವುಗಳಲ್ಲಿ ಒಂದರ ನೋಂದಣಿಯನ್ನು ಯಾರೋ ನವೀಕರಿಸದೆ ಬಿಟ್ಟು, ಇನ್ಯಾರೋ ಅದನ್ನು ಕೊಂಡ ದಿನ ಆ ಹೋಂಸ್ಟೇಯವರಿಗೆ ತಿಳಿಸುವವರು ಯಾರು?

ಕಾನೂನೂ ಬಿಗಿಯಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಸಂಗ್ರಹಿಸುವವರ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ತಕ್ಕ ರಕ್ಷಣೆ ಒದಗಿಸದೆ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಸಣ್ಣ ಸಂಸ್ಥೆಗೆ ಅಷ್ಟು ದಂಡ ಬೀಳಲಾರದು. ಆದರೆ ‘ಪುಟ ಮಾಡಿಕೊಟ್ಟ ಹುಡುಗ ಯಾವುದೋ ಸ್ಕ್ರಿಪ್ಟ್ ಹಾಕಿದ್ದ, ನಮಗೆ ಗೊತ್ತಿರಲಿಲ್ಲ’ ಎಂಬ ಸಬೂಬು ಇನ್ನು ನಡೆಯುವುದಿಲ್ಲ. ಕಾರ್ಡ್ ಪಾವತಿಯ ಜಾಗತಿಕ ಸುರಕ್ಷತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ಕೂಡ 2025ರ ಮಾರ್ಚ್ 31ರಿಂದ ಪಾವತಿ ಪುಟದಲ್ಲಿ ಓಡುವ ಪ್ರತಿ ಸ್ಕ್ರಿಪ್ಟನ್ನೂ ಪಟ್ಟಿಮಾಡಿ, ಅದು ಯಾಕೆ ಬೇಕೆಂದು ಬರೆದಿಡುವುದನ್ನು ಕಡ್ಡಾಯ ಮಾಡಿದೆ. ದೊಡ್ಡ ಕಂಪನಿಗಳು ಪೆಟ್ಟು ತಿಂದು ಕಲಿತ ಪಾಠ ಇದು. ನಮ್ಮ ಹೊಸಬರು ಪೆಟ್ಟು ತಿನ್ನುವ ಮೊದಲೇ ಕಲಿಯಬಹುದು.

ಪರಿಹಾರ ಕಷ್ಟದ್ದಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಈ ಸ್ಕ್ರಿಪ್ಟ್ ಬೇಕೇ ಬೇಕೆ? ದಿನಾಂಕ ಆರಿಸುವ ಕ್ಯಾಲೆಂಡರ್, ಖಾಲಿ ಬಿಡಬಾರದ ಅಂಕಣ, ಇಮೇಲ್ ಸರಿಯಾಗಿದೆಯೇ ಎಂಬ ತಪಾಸಣೆ, ಒತ್ತಿದರೆ ಬಿಚ್ಚಿಕೊಳ್ಳುವ ಪ್ರಶ್ನೋತ್ತರ, ಇವೆಲ್ಲ ಇಂದು ಎಚ್‌ಟಿಎಂಎಲ್‌ನಲ್ಲೇ ಇವೆ, ಒಂದು ಸಾಲು ಜಾವಾಸ್ಕ್ರಿಪ್ಟೂ ಬೇಡ. ಹಳೆಯ ಪಾಠಗಳು ಇವುಗಳಿಗೆ ಇನ್ನೂ ಲೈಬ್ರರಿ ಸೇರಿಸಲು ಹೇಳುತ್ತವೆ. ಬೇಕೆಂದಾದರೆ ಎರಡನೆಯ ಹೆಜ್ಜೆ: ಲೈಬ್ರರಿಯ ಅಧಿಕೃತ ಜಾಗದಿಂದ ಫೈಲನ್ನು ಇಳಿಸಿಕೊಂಡು ನಿಮ್ಮ ಸೈಟಿನ ಫೋಲ್ಡರಿನಲ್ಲೇ ಇಡಿ, ಯಾವ ಆವೃತ್ತಿ, ಯಾವ ದಿನ ಇಳಿಸಿದ್ದು ಎಂದು ಪಕ್ಕದಲ್ಲಿ ಬರೆದಿಡಿ. ಇದರಿಂದ ಬೇರೆಯವರ ವಿಳಾಸದ ಹಂಗು ತಪ್ಪುತ್ತದೆ. ಹಾಗೆಂದು ಇಟ್ಟು ಮರೆಯುವಂತಿಲ್ಲ. ಜೆಕ್ವೆರಿ ಎಂಬ ಲೈಬ್ರರಿಯಲ್ಲಿ ಇದ್ದ ಸುರಕ್ಷತಾ ದೋಷಗಳನ್ನು 2020ರ ಏಪ್ರಿಲ್‌ನಲ್ಲಿ ಬಂದ 3.5.0 ಆವೃತ್ತಿಯಲ್ಲಿ ತಿದ್ದಲಾಯಿತು. ಅದಕ್ಕಿಂತ ಹಳೆಯ ಪ್ರತಿ ಇಟ್ಟುಕೊಂಡಿದ್ದರೆ ಆ ದೋಷವೂ ನಿಮ್ಮದೇ. ಬ್ರಿಟಿಷ್ ಏರ್‌ವೇಸ್‌ನ ಫೈಲೂ ಅವರದೇ ಸರ್ವರಿನಲ್ಲಿತ್ತು. ಆದ್ದರಿಂದ ಸೆಮಿಸ್ಟರಿಗೊಮ್ಮೆಯಾದರೂ ಪಟ್ಟಿ ತೆಗೆದು ನೋಡುವ ಅಭ್ಯಾಸ ಬೇಕು.

ಹೊರಗಿನ ವಿಳಾಸದಿಂದಲೇ ತರಬೇಕಾದರೆ ಮೂರನೆಯ ಹೆಜ್ಜೆ, ಇಂಟೆಗ್ರಿಟಿ ಎಂಬ ಗುಣಲಕ್ಷಣ. 2016ರಿಂದ ಇದು ವೆಬ್‌ನ ಅಧಿಕೃತ ಮಾನದಂಡ. ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತೆಗೆದ ಉದ್ದನೆಯ ಸಂಕೇತವನ್ನು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಬರೆಯುತ್ತೀರಿ. ಬ್ರೌಸರ್ ಫೈಲ್ ತಂದ ಮೇಲೆ ತಾನೂ ಲೆಕ್ಕಹಾಕಿ ತಾಳೆ ನೋಡುತ್ತದೆ. ಒಂದು ಅಕ್ಷರ ಬದಲಾಗಿದ್ದರೂ ಸಂಕೇತ ಹೊಂದುವುದಿಲ್ಲ, ಸ್ಕ್ರಿಪ್ಟ್ ಓಡುವುದಿಲ್ಲ. ಲೈಬ್ರರಿ ಫೈಲುಗಳನ್ನು ಹಂಚುವ ದೊಡ್ಡ ಸರ್ವರ್ ಜಾಲಗಳು (ಸಿಡಿಎನ್‌ಗಳು) ಈ ಸಂಕೇತದ ಸಮೇತ ಪೂರ್ತಿ ಟ್ಯಾಗನ್ನೇ ಕಾಪಿ ಮಾಡಿಕೊಳ್ಳಲು ಕೊಡುತ್ತವೆ. ಆವೃತ್ತಿಯ ಸಂಖ್ಯೆ ಖಚಿತವಾಗಿರಬೇಕು, ‘ಇತ್ತೀಚಿನದು’ ಎಂದು ಬಿಟ್ಟರೆ ಫೈಲ್ ಬದಲಾದಾಗಲೆಲ್ಲ ಪುಟ ಕೆಡುತ್ತದೆ. ಪಾಲಿಫಿಲ್‌ನಂತೆ ಬ್ರೌಸರಿಗೊಂದು ಬಗೆಯ ಫೈಲ್ ಕೊಡುವ ಸೇವೆಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಂಥ ಸೇವೆಗಳನ್ನು ಹೊಸಬರು ದೂರವಿಡುವುದೇ ಒಳ್ಳೆಯದು.

ನಾಲ್ಕನೆಯದು: ಲಾಗಿನ್, ಅರ್ಜಿ, ಪಾವತಿ ಇರುವ ಪುಟಗಳಲ್ಲಿ ಹೊರಗಿನ ಸ್ಕ್ರಿಪ್ಟ್ ಇರಲೇಕೂಡದು. ಭೇಟಿಗಳ ಲೆಕ್ಕ, ಚಾಟ್ ಪೆಟ್ಟಿಗೆ, ಹಬ್ಬದ ಅಲಂಕಾರ ಬೇರೆ ಪುಟಗಳಲ್ಲಿ ಇದ್ದುಕೊಳ್ಳಲಿ. ಐದನೆಯದು: ಕಂಟೆಂಟ್ ಸೆಕ್ಯುರಿಟಿ ಪಾಲಿಸಿ. ಈ ಪುಟದಲ್ಲಿ ನನ್ನದೇ ವಿಳಾಸದ ಸ್ಕ್ರಿಪ್ಟ್ ಮಾತ್ರ ಓಡಲಿ ಎಂದು ಬ್ರೌಸರಿಗೆ ತಾಕೀತು ಮಾಡುವ ಒಂದು ಸಾಲು ಅದು. ಸರ್ವರ್ ಕೈಯಲ್ಲಿಲ್ಲದವರು ಪುಟದ ತಲೆಭಾಗದಲ್ಲಿ ಮೆಟಾ ಟ್ಯಾಗ್ ಆಗಿಯೂ ಅದನ್ನು ಬರೆಯಬಹುದು. ಇನ್ನೊಂದು ಮಾತು: ಬ್ರೌಸರಿನಲ್ಲಿ ಓಡುವ ಸ್ಕ್ರಿಪ್ಟ್ ಯಾರು ಬೇಕಾದರೂ ತೆರೆದು ಓದಬಹುದಾದದ್ದು. ಎಸ್‌ಎಂಎಸ್ ಕಳಿಸುವ ಅಥವಾ ಎಐ ಸೇವೆ ಬಳಸುವ ಗುಟ್ಟಿನ ಕೀಯನ್ನು ಅದರಲ್ಲಿ ಬರೆದರೆ ಅದು ಗುಟ್ಟಾಗಿ ಉಳಿಯುವುದಿಲ್ಲ, ಬಿಲ್ ಮಾತ್ರ ನಿಮ್ಮ ಹೆಸರಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿದರೆ ಹೊಸಬರು ಹೆದರಿ ಹಿಂದೆ ಸರಿಯುವುದಿಲ್ಲವೇ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಸಿದ್ಧಪಡಿಸಿದಾಗ ಉದ್ದೇಶವೇ ಅದಾಗಿತ್ತು: ವೃತ್ತಿಪರರಲ್ಲದವರೂ ಪುಟಕ್ಕೆ ಚಿಕ್ಕಪುಟ್ಟ ಸ್ಕ್ರಿಪ್ಟ್ ಸೇರಿಸುವಂತಾಗಬೇಕು. ಇನ್ನೊಬ್ಬರ ಪುಟದ ಕೋಡ್ ತೆರೆದು ನೋಡಿ, ಕಾಪಿ ಮಾಡಿ, ತಿದ್ದಿ ಕಲಿತವರೇ ವೆಬ್ ಅನ್ನು ಕಟ್ಟಿದ್ದು. ಆ ಸ್ವಾತಂತ್ರ್ಯವನ್ನು ಮೊಟಕು ಮಾಡಬೇಕೆಂದು ನಾವು ಹೇಳುತ್ತಿಲ್ಲ. ಕಾಪಿ ಮಾಡಿ, ಓದಿ, ಅರ್ಥಮಾಡಿಕೊಂಡು ತನ್ನದಾಗಿಸಿಕೊಳ್ಳುವುದು ಕಲಿಕೆ. ಓದದೆ ವಿಳಾಸವನ್ನಷ್ಟೇ ಅಂಟಿಸುವುದು ಕಲಿಕೆಯೂ ಅಲ್ಲ, ಕ್ಷೇಮವೂ ಅಲ್ಲ. ಮೇಲೆ ಹೇಳಿದ ಹೆಜ್ಜೆಗಳಲ್ಲಿ ಯಾವುದೂ ಮೊದಲ ಲ್ಯಾಬಿನ ಹುಡುಗನಿಗೆ ನಿಲುಕದ್ದಲ್ಲ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ವೆಬ್ ಪ್ರೋಗ್ರಾಮಿಂಗ್ ಪಠ್ಯ ಸಿದ್ಧಪಡಿಸುವ ವಿಶ್ವವಿದ್ಯಾಲಯಗಳು ಸುರಕ್ಷತೆಯ ಪಾಠವನ್ನು ಕೊನೆಯ ವರ್ಷದ ಐಚ್ಛಿಕ ವಿಷಯಕ್ಕೆ ತಳ್ಳುವುದನ್ನು ನಿಲ್ಲಿಸಲಿ. ಮುಂದಿನ ಶೈಕ್ಷಣಿಕ ವರ್ಷದ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಹೊರಗಿನ ಸ್ಕ್ರಿಪ್ಟ್ ಇರುವ ಪ್ರತಿ ಉದಾಹರಣೆಯೂ ಇಂಟೆಗ್ರಿಟಿ ಸಮೇತ ಇರಲಿ, ಇನ್ನರ್‌ಎಚ್‌ಟಿಎಂಎಲ್ ಇರುವ ಕಡೆ ಟೆಕ್ಸ್ಟ್‌ಕಂಟೆಂಟ್ ಬರಲಿ. ಪ್ರಾಜೆಕ್ಟ್‌ಗೆ ಅಂಕ ಕೊಡುವವರು ‘ಈ ಸ್ಕ್ರಿಪ್ಟ್ ಎಲ್ಲಿಂದ ಬಂತು, ಯಾಕೆ ಬೇಕು’ ಎಂದು ಕೇಳಲಿ. ಕನ್ನಡದಲ್ಲಿ ಕೋಡಿಂಗ್ ಪಾಠ ಮಾಡಿ ಸಾವಿರಾರು ಮಕ್ಕಳಿಗೆ ದಾರಿ ತೋರಿಸುತ್ತಿರುವ ಯೂಟ್ಯೂಬ್ ಶಿಕ್ಷಕರು ಆ ಪ್ರಶ್ನೆಗೆ ಎರಡು ನಿಮಿಷ ಮೀಸಲಿಡಲಿ.

ಈಗಾಗಲೇ ಪುಟ ಮಾಡಿಟ್ಟವರು ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ನಿಮ್ಮ ಪುಟವನ್ನು ಬ್ರೌಸರಿನಲ್ಲಿ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ. ಯಾವ ಯಾವ ವಿಳಾಸಗಳಿಂದ ಸ್ಕ್ರಿಪ್ಟ್ ಬರುತ್ತಿದೆ ಎಂಬ ಪಟ್ಟಿ ಕಾಣುತ್ತದೆ. ಅದರಲ್ಲಿ ಯಾಕೆ ಬೇಕೆಂದು ನಿಮಗೇ ಹೇಳಲಾಗದ ಪ್ರತಿಯೊಂದನ್ನೂ ತೆಗೆದುಹಾಕಿ. ಉಳಿದವುಗಳ ಪಟ್ಟಿ ಬರೆದು, ಪುಟದ ಜವಾಬ್ದಾರಿ ಹೊತ್ತವರ ಕೈಗೆ ಕೊಡಿ.